ಗುಲಾಬಿ ವಸಡಿನ ಕಾರ್ಟ್ರಿಜ್

ಅತ್ತೆ ಅಳಿಯನ ಜೊತೆ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಜಗಳವಾಗಿತ್ತಾ ಅಂತ ಕೇಳಬೇಡಿ; ಜಗಳವೂ ಇಲ್ಲ, ಮಣ್ಣೂ ಇಲ್ಲ. ಮದುವೆಯ ದಿನ ನಾಲ್ಕು ಜನ ಹುರಿದುಂಬಿಸಿದರೆಂದು ಹೊಸ ಅಳಿಯ ಅತ್ತೆಯ ಜೊತೆ ಒಂದು ಸುತ್ತು ಕುಣಿಯಲು ಹೋದ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವನ ಬೂಟು ಅತ್ತೆಯ ಎಡಗಾಲಿನ ಹೆಬ್ಬೆರಳ ಮೇಲೆ ಕೂತಿತು. ಇವನೇನು ಕಡ್ಡಿ ಪೈಲ್ವಾನನಲ್ಲ, ಆಳು ಗಟ್ಟಿ. ಮೂಳೆ ಲಟಕ್ ಅಂತು. ಬೇರೆಯವರಾಗಿದ್ದರೆ ಪಟ್ಟಿ ಸುತ್ತಿಕೊಂಡು ಕೆಲವು ದಿನ ಕುಂಟಿ ಮರೆತುಬಿಡುತ್ತಿದ್ದರು. ಆದರೆ ಅತ್ತೆ ಡ್ಯಾನ್ಸ್ ಟೀಚರ್. ಬೆರಳು ಕೂಡುವವರೆಗೂ ಕುರ್ಚಿಯಲ್ಲಿ ಕೂತು, ಕೋಲಿನಿಂದ ನೆಲ ಕುಟ್ಟುತ್ತ ಪಾಠ ಹೇಳಬೇಕಾಯಿತು.

ಅಂದಿನಿಂದ ಅಳಿಯನಿಗೆ ಅವರಿಟ್ಟ ಹೆಸರು ರೋಡ್ ರೋಲರ್. ಅದನ್ನೂ ಎದುರಿಗೆ ಕರೆದದ್ದಿಲ್ಲ, ಎದುರಿಗೆ ಮಾತೇ ಇಲ್ಲವಲ್ಲ! ಏನಿದ್ದರೂ ಮಗಳ ಮೂಲಕವೇ ಆಗಬೇಕು. “ನಿನ್ನ ಗಂಡ ಇನ್ನೊಂದು ಲೋಟ ಕಾಫಿ ಕುಡೀತಾನಾ ಕೇಳು” ಅನ್ನುವರು. ಗಂಡ ಮೇಜಿನ ಆಚೆ, ಕೈಗೆ ಸಿಗುವಷ್ಟು ಹತ್ತಿರ ಕೂತಿರುತ್ತಿದ್ದ. ಮಗಳಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಹಗಲೆಲ್ಲ ಊರವರ ಟಪಾಲು ವಿಂಗಡಿಸಿ ಬಂದು ಸಂಜೆ ಮನೆಯಲ್ಲಿ ಅಮ್ಮನ ಟಪಾಲು ಗಂಡನಿಗೆ, ಗಂಡನ ಟಪಾಲು ಅಮ್ಮನಿಗೆ ಮುಟ್ಟಿಸುವುದು ಅವಳ ಹಣೆಬರಹವಾಗಿತ್ತು. ಅವಳಿಲ್ಲದ ಹೊತ್ತಿನಲ್ಲಿ ಅತ್ತೆ ಗೋಡೆಗೋ ಕೊಡೆಗೋ ಬೆಕ್ಕಿಗೋ ಹೇಳುತ್ತಿದ್ದರು. ಮಾವನವರಿಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಬೇಕೆಂದಾಗ ಮಂದ. ಅವರು ಎಲ್ಲದಕ್ಕೂ “ಹೂಂ, ಆಗಲಿ” ಅಂದು ಪತ್ರಿಕೆ ಮಗುಚುತ್ತಿದ್ದರು.

ನಮ್ಮ ಅಳಿಯರಾಯ ಇದನ್ನೆಲ್ಲ ನಗುನಗುತ್ತಲೇ ನುಂಗಿಕೊಂಡಿದ್ದ ಅಂತ ಊರು ತಿಳಿದಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಅವನಿಗೆ ಸಂಕಟವಾಗುತ್ತಿತ್ತು. ಅವನು ಹುಟ್ಟಿದ ಕೆಲವೇ ತಿಂಗಳಿಗೆ ತಾಯಿಯನ್ನು ಕಳೆದುಕೊಂಡವನು. ಮದುವೆ ಗೊತ್ತಾದಾಗ, ಇನ್ನು ಮೇಲೆ ಅಮ್ಮಾ ಅಂತ ಕರೆಯಲು ಒಬ್ಬರು ಸಿಕ್ಕರು ಅಂತ ಹಿಗ್ಗಿದ್ದ. ಮಾತೇ ಆಡದವರನ್ನು ಅಮ್ಮ ಅನ್ನುವುದು ಹೇಗೆ? ಒಂದೇ ಒಂದು ಸಲ ತನ್ನ ಮುಖ ನೋಡಿ ‘ನೀನು’ ಅಂದರೆ ಸಾಕು, ಬೈದರೂ ಪರವಾಗಿಲ್ಲ ಅಂತ ಅವನು ಕಾಯುತ್ತಿದ್ದ.

ಕಾಯುತ್ತ ಕಾಯುತ್ತಲೇ ಅತ್ತೆಯ ರೆಕಾರ್ಡ್ ಪ್ಲೇಯರ್ ಮುರಿದು ಕೂತ.

ಆಗಿದ್ದು ಹೀಗೆ. ಬೇಕರಿಯ ಮೇಲಿನ ಮಹಡಿಯಲ್ಲಿ ಅತ್ತೆಯ ಡ್ಯಾನ್ಸ್ ಕ್ಲಾಸು. ಮರದ ನೆಲ, ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ಮೂಲೆಯಲ್ಲಿ ಗಟ್ಟಿ ಮೇಜು, ಅದರ ಮೇಲೆ ಕಬ್ಬಿಣದಂತೆ ಭಾರವಾದ ಹಳೆಯ ಪ್ಲೇಯರ್. ವರ್ಷಕ್ಕೊಮ್ಮೆ ಕ್ಲಾಸಿನವರ ಮನೆಮಂದಿಯೆಲ್ಲ ಬಂದು ಕುಣಿತ ನೋಡುವ ಸಂಜೆ ಹತ್ತಿರ ಬಂದಿತ್ತು. ಹೆಂಡತಿಯನ್ನು ಕರೆದೊಯ್ಯಲು ಬಂದ ಅಳಿಯ ಅವಳಿಗಾಗಿ ಕಾಯುತ್ತ ಪ್ಲೇಯರಿನ ಹತ್ತಿರ ನಿಂತ. ಸೂಜಿಯ ತುದಿಗೆ ಧೂಳಿನ ಉಂಡೆ ಮೆತ್ತಿಕೊಂಡದ್ದು ಕಣ್ಣಿಗೆ ಬಿತ್ತು. ಅವನ ಕೆಲಸ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ ಮಾಡುವುದು. ಡಾಕ್ಟರು ಬಾಯಿಯ ಅಚ್ಚು ಕಳಿಸಿದರೆ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ವಸಡು ಎರೆದು, ಹಲ್ಲು ಕೂರಿಸಿ, ತಿಕ್ಕಿ ತೊಳೆದು ಫಳಫಳ ಮಾಡಿ ಕೊಡುತ್ತಿದ್ದ. ಕೊಳೆ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಜೇಬಿನಲ್ಲಿ ಯಾವಾಗಲೂ ಇರುವ ಹಲ್ಲುಜ್ಜುವ ಬ್ರಷ್ಷು ತೆಗೆದು, ದವಡೆ ಹಲ್ಲು ಉಜ್ಜುವವನ ಹಾಗೆ ಆಚೆ ಈಚೆ ನಾಲ್ಕು ಸಲ ಉಜ್ಜಿದ. ಧೂಳು ಹೋಯಿತು. ಸೂಜಿಯೂ ಹೋಯಿತು.

  ಓಡಿಹೋಗೋಣವೇ ಅಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ಅವನ ಕೈಯಲ್ಲಿದ್ದ ಬ್ರಷ್ಷು ನೋಡಿದರು, ಪ್ಲೇಯರ್ ನೋಡಿದರು, ಆಮೇಲೆ ಮಗಳ ಕಡೆ ತಿರುಗಿದರು.

“ಕಾಲಾಯ್ತು, ಈಗ ಸೂಜಿ. ಇನ್ನೇನೇನು ಮುರೀಬೇಕು ಅಂತಿದಾನೆ ಕೇಳು ನಿನ್ನ ಗಂಡ.”

“ನಾನೇ ಸರಿ ಮಾಡಿಕೊಡ್ತೀನಿ ಅಂತ ಹೇಳು,” ಅಂದ ಅಳಿಯ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪ್ಲೇಯರಿನ ಗಂಧಗಾಳಿ ಅವನಿಗೆ ಗೊತ್ತಿರಲಿಲ್ಲ.

“ಭಾನುವಾರದ ಕ್ಲಾಸಿಗೆ ಪ್ಲೇಯರ್ ಹಾಡದೇ ಇದ್ರೆ ಈ ಮೆಟ್ಟಿಲು ಹತ್ತಬೇಡ ಅಂತಾನೂ ಹೇಳು,” ಅಂದರು ಅತ್ತೆ. ಮಗಳು ಎರಡನ್ನೂ ತಲುಪಿಸಿದಳು. ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಮಾವ “ಹೂಂ, ಆಗಲಿ” ಅಂದರು.

ಮಾರನೆಯ ದಿನ ಅಳಿಯ ಏನು ಮಾಡಿದ ಅಂತೀರಿ? ಬೇರೆಯವರಾದರೆ ಮುರಿದದ್ದನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಇವನು ಪ್ಲೇಯರಿನ ತೋಳಿನ ತುದಿಗೆ ಹಿಟ್ಟಿನಂಥ ಅಚ್ಚಿನ ಮಸಾಲೆ ಮೆತ್ತಿ, ಬಾಯಿಯ ಅಚ್ಚು ತೆಗೆಯುವ ಹಾಗೆಯೇ ಅದರ ಅಚ್ಚು ತೆಗೆದ. ತನ್ನ ಹಲ್ಲಿನ ಕಾರ್ಖಾನೆಗೆ ಒಯ್ದು ಸುಣ್ಣದ ಪುಡಿಯಂಥ ಪ್ಲಾಸ್ಟರಿನಲ್ಲಿ ಎರಕ ಹೊಯ್ದ. ತೋಳಿನ ತುದಿ, ಅದಕ್ಕೆ ಕಚ್ಚಿಕೊಂಡಿದ್ದ, ಸೂಜಿ ಕೂರಿಸಿದ ಪುಟ್ಟ ಡಬ್ಬಿಯಂಥ ಹಳೆಯ ಕಾರ್ಟ್ರಿಜ್, ಅದರ ಸ್ಕ್ರೂಗಳು ಎಲ್ಲ ಬೆಳ್ಳಗೆ, ತದ್ರೂಪ. ಅದನ್ನು ಕರವಸ್ತ್ರದಲ್ಲಿ ಇಟ್ಟುಕೊಂಡು ರೇಡಿಯೋ ಅಂಗಡಿಗೆ ಹೋದ.

ಅಂಗಡಿಯಾಕೆ ಕನ್ನಡಕ ಹಣೆಗೇರಿಸಿಕೊಂಡು, ತಂತಿಯ ಸುರುಳಿಗಳ ನಡುವೆ ಕೂತಿದ್ದರು. ಗಲ್ಲಾದ ಮೇಲೆ ಬಿಳಿಯ ಪ್ಲಾಸ್ಟರ್ ತುಂಡು ಇಟ್ಟದ್ದೇ ತಡ, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

“ಇದ್ಯಾರ ದವಡೆ ಸ್ವಾಮಿ?”

“ನಮ್ಮತ್ತೇದು. ಅಂದ್ರೆ, ನಮ್ಮತ್ತೆ ಪ್ಲೇಯರ್‌ದು,” ಅಂದ ಅಳಿಯ. ಆಮೇಲೆ ಬ್ರಷ್ಷಿನ ಕಥೆಯನ್ನೂ ಹೇಳಿದ. ಆಕೆ ಕಣ್ಣೊರೆಸಿಕೊಂಡು ಮೂರು ಪೆಟ್ಟಿಗೆ ತೆಗೆದಿಟ್ಟರು.

ಮೊದಲನೆಯದು ಬೆಳ್ಳಿಯ ಬಣ್ಣದ್ದು, ತೆಳ್ಳಗೆ, ಹೊಳಪು. ಅದರ ಸೂಜಿಯ ತುದಿ ಕಣ್ಣಿಗೆ ಕಾಣುವುದೂ ಕಷ್ಟ. ಆಸೆಬುರುಕ ಕಣ್ಣುಗಳಿಂದ ಅಳಿಯ ಅದನ್ನೇ ನೋಡಿದ. “ಇದು ಬೇಡ. ಇದು ಮಹಾ ಸೂಕ್ಷ್ಮ. ಹಾಡೋರು ಉಸಿರೆಳೆದುಕೊಂಡಿದ್ದೂ ಕೇಳಿಸುತ್ತೆ, ರೆಕಾರ್ಡಿನ ಮೇಲಿನ ಧೂಳೂ ಕೇಳಿಸುತ್ತೆ. ಯಾರಾದ್ರೂ ಪಕ್ಕದಲ್ಲಿ ಸೀನಿದ್ರೆ ಹಾರಿಬಿಡುತ್ತೆ,” ಅಂದರು. ಎರಡನೆಯದು ಕೆಂಪು ಪ್ಲಾಸ್ಟಿಕ್ಕಿನದು. ಅದನ್ನು ಅವರೇ ಮೂಗು ಮುರಿದು ಪಕ್ಕಕ್ಕೆ ತಳ್ಳಿದರು. ಮೂರನೆಯದು ಕಪ್ಪಗೆ, ದಪ್ಪಗೆ, ಗಿಡ್ಡಗೆ, ಒಂದು ಚೂರೂ ನಾಜೂಕಿಲ್ಲದ ಗಟ್ಟಿ.

“ಇದು ಹಳೇ ಕಾಲದ ಮಾದರಿ, ಆದ್ರೆ ಮಾಡಿರೋದು ಈಗ. ತುದಿ ಉರುಟು, ಮೈ ಭಾರ. ರೆಕಾರ್ಡಿನ ಗೆರೆ ಒಳಗೆ ಕೂತ್ರೆ ಕೂತ ಹಾಗೇ, ಎದ್ದು ಓಡಾಡಲ್ಲ. ಅಲ್ಲ, ಒಂದ್ಮಾತು ಕೇಳ್ತೀನಿ,” ಅಂತ ಆಕೆ ಪ್ಲಾಸ್ಟರ್ ತುಂಡನ್ನು ತಿರುಗಿಸಿ ನೋಡಿದರು. “ತೋಳು ಇಷ್ಟು ದಪ್ಪ ಇದೆ. ಇದಕ್ಕೆ ಈ ಸಣಕಲು ಕಾರ್ಟ್ರಿಜ್ ಹಾಕಿದ್ದ ಪುಣ್ಯಾತ್ಮ ಯಾರು? ಎತ್ತಿನ ಕೊರಳಿಗೆ ಕುರಿಮರಿ ಗೆಜ್ಜೆ ಕಟ್ಟಿದ ಹಾಗಿದೆ. ಯಾರಾದ್ರೂ ಜೋರಾಗಿ ನಡೆದ್ರೆ ಹಾರ್ತಿತ್ತು ತಾನೇ?”

“ಹಾರ್ತಿತ್ತು! ಅದಕ್ಕೇ ಕ್ಲಾಸಲ್ಲಿ ಎಲ್ಲರೂ ಬೆಕ್ಕಿನ ಹಾಗೆ ಹೆಜ್ಜೆ ಇಡ್ತಾರೆ.”

“ಹಾಗಾದ್ರೆ ಇದು ನಿಮಗೆ ಹೇಳಿ ಮಾಡಿಸಿದ್ದು.”

ಭಾರ, ಗಿಡ್ಡ, ಗಟ್ಟಿ ಆಳು, ಕೂತಲ್ಲಿ ಕೂರುವವನು. ಅಳಿಯನಿಗೆ ಆ ಕಾರ್ಟ್ರಿಜ್ ಮೇಲೆ ಸ್ವಂತ ತಮ್ಮನ ಮೇಲಿನಂಥ ಅಕ್ಕರೆ ಹುಟ್ಟಿತು. ಕೊಂಡುಕೊಂಡ. ಅಂಗಡಿಯಾಕೆ ಕೂರಿಸುವ ವಿಧಾನವನ್ನೆಲ್ಲ ಬಾಯಲ್ಲೇ ಹೇಳಿಕೊಟ್ಟು, ಅಳತೆಯ ಗೆರೆ ಹಾಕಿದ ಒಂದು ರಟ್ಟು, ಭಾರ ನೋಡುವ ಒಂದು ಪುಟ್ಟ ತಕ್ಕಡಿ ಎರಡನ್ನೂ ಎರವಲು ಕೊಟ್ಟು, “ಬ್ರಷ್ಷು ಮಾತ್ರ ಮನೇಲಿ ಬಿಟ್ಟು ಕೂತ್ಕೊಳ್ಳಿ,” ಅಂದರು.

ಭಾನುವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಮಹಡಿ ಹತ್ತಿದರು. ಕೆಳಗಿನ ಬೇಕರಿಯಿಂದ ಬ್ರೆಡ್ಡಿನ ವಾಸನೆ ಹಲಗೆಯ ಸಂದಿಯಲ್ಲಿ ಮೇಲೇರಿ ಬರುತ್ತಿತ್ತು. ಹೆಂಡತಿ ಟಾರ್ಚು ಹಿಡಿದಳು. ಅಳಿಯ ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಚಿಮುಟ ಹಿಡಿದು ಕೂತ. ತೋಳಿನ ತುದಿಯಿಂದ ನಾಲ್ಕು ತಂತಿ ಹೊರಬಂದಿರುತ್ತವೆ, ನಾಲ್ಕಕ್ಕೂ ಒಂದೊಂದು ಬಣ್ಣ, ಕೂದಲಿಗಿಂತ ಒಂಚೂರು ದಪ್ಪ. ಒಂದೊಂದನ್ನೂ ಕಾರ್ಟ್ರಿಜ್ಜಿನ ಬೆನ್ನಿನ ಮೊಳೆಗಳಿಗೆ ತೊಡಿಸಬೇಕು. ಹೆಚ್ಚು ಒತ್ತಿದರೆ ತಂತಿ ಕೈಗೇ ಬರುತ್ತದೆ. ಉಸಿರು ಬಿಗಿಹಿಡಿದು ತೊಡಿಸಿದ.

“ಏನೂಂದ್ರೆ, ಉಸಿರು ಬಿಡಿ. ಮುಖ ನೀಲಿ ಆಗ್ತಿದೆ,” ಅಂದಳು ಹೆಂಡತಿ.

ಕೂರಿಸಿ ನೋಡಿದರೆ ಹೊಸದು ಹಳೆಯದಕ್ಕಿಂತ ಗಿಡ್ಡವಾದ್ದರಿಂದ ತೋಳು ಮುಂದಕ್ಕೆ ಮುಗ್ಗರಿಸಿದಂತೆ ಇಳಿಜಾರಾಗಿ ನಿಂತಿತು. ತೋಳು ರೆಕಾರ್ಡಿಗೆ ಸಮನಾಗಿ ಮಲಗಬೇಕು ಅಂತ ಅಂಗಡಿಯಾಕೆ ಒತ್ತಿ ಒತ್ತಿ ಹೇಳಿದ್ದರು. ನಡುವೆ ಏನಾದರೂ ಕೊಡಬೇಕು. ಅಳಿಯ ಸಂಚಿಗೆ ಕೈ ಹಾಕಿದ. ಅವನ ಸಂಚಿಯಲ್ಲಿ ಇನ್ನೇನು ಇದ್ದೀತು, ವಸಡಿನ ಪ್ಲಾಸ್ಟಿಕ್ಕು. ತನ್ನದೇ ಪ್ಲಾಸ್ಟರ್ ಅಚ್ಚಿನ ಮೇಲೆ ಅಳತೆ ನೋಡಿ, ಕಲಸಿ, ಗಟ್ಟಿಯಾದ ಮೇಲೆ ಅರದಿಂದ ಉಜ್ಜಿ ಉಜ್ಜಿ ಒಂದು ಬಿಲ್ಲೆ ತಯಾರಿಸಿದ. ಕಾರ್ಟ್ರಿಜ್ಜಿಗೂ ತೋಳಿಗೂ ನಡುವೆ ಅದು ಕೂದಲೆಳೆಯೂ ಆಚೀಚೆ ಆಗದಂತೆ ಕೂತಿತು. ಬಣ್ಣ ಮಾತ್ರ ಅಪ್ಪಟ ಗುಲಾಬಿ.

ಇನ್ನು ಉಳಿದದ್ದು ನೇರ ಮಾಡುವುದು. ಅಳತೆಯ ರಟ್ಟಿನ ಮೇಲೆ ಸೂಜಿ ಇಳಿಸಿ, ಚುಕ್ಕೆಗೆ ಚುಕ್ಕೆ, ಗೆರೆಗೆ ಗೆರೆ ಕೂಡುವವರೆಗೂ ಕಾರ್ಟ್ರಿಜ್ಜನ್ನು ಒಂಚೂರು ಮುಂದಕ್ಕೆ, ಒಂಚೂರು ಹಿಂದಕ್ಕೆ ಸರಿಸಿದ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಸೂಜಿಯ ಕೆಳಗಿಟ್ಟು, ಸೂಜಿಯೂ ಅದರ ಪ್ರತಿಬಿಂಬವೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆಯೇ ಅಂತ ನೋಡಿದ. ಕೊನೆಗೆ ತೋಳಿನ ಹಿಂಬದಿಯ ಭಾರದ ಬಳೆಯನ್ನು ತಿರುಗಿಸುತ್ತ, ತೋಳು ಗಾಳಿಯಲ್ಲಿ ತಾನೇ ತಾನಾಗಿ ತೇಲುವಂತೆ ಮಾಡಿ, ಅಲ್ಲಿಂದ ಮುಂದಕ್ಕೆ ಬೇಕಾದಷ್ಟು ಭಾರ ಕೊಟ್ಟ. ತಕ್ಕಡಿ ಸೈ ಅಂತು. ಆ ಜಾಗ ತಪ್ಪದಿರಲಿ ಅಂತ ಬಳೆಯ ಮೇಲೆ ಒಂದು ಗುಲಾಬಿ ಚುಕ್ಕೆ ಇಟ್ಟ.

ಅಷ್ಟು ಹೊತ್ತಿಗೆ ಅತ್ತೆ ಬಂದರು. ಬಗ್ಗಿ ನೋಡಿದರು.

“ಇದೇನೇ ಇದು? ನನ್ನ ಪ್ಲೇಯರಿಗೆ ವಸಡು ಬಂದಿದೆಯಲ್ಲ!”

ಮಗಳು ತುಟಿ ಕಚ್ಚಿಕೊಂಡು ನಗು ತಡೆದಳು. ಅಳಿಯ ಕೈಗೆ ಸಿಕ್ಕ ಒಂದು ರೆಕಾರ್ಡು ಇಟ್ಟು ಸೂಜಿ ಇಳಿಸಿದ. ಅಬ್ಬಾ! ಅದೇನು ದನಿ! ತಂಬಟೆಯ ಪೆಟ್ಟು ನೇರ ಅಂಗಾಲಿಗೆ ಬಂತು. ಹಾಡುವವಳ ದನಿ ಬೆಚ್ಚಗೆ, ತುಂಬಿಕೊಂಡು, ಪಕ್ಕದಲ್ಲೇ ನಿಂತು ಹಾಡಿದ ಹಾಗೆ. ಅತ್ತೆ ಬೇಕೆಂದೇ ಕಾಲೆತ್ತಿ ನೆಲಕ್ಕೆ ಧೊಪ್ಪೆಂದು ಒದ್ದರು. ಸೂಜಿ ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ಒದ್ದರು. ಊಹೂಂ.

“ಪರವಾಗಿಲ್ಲ ಅಂತ ಹೇಳು,” ಅಂದರು ಮಗಳಿಗೆ.

ಅತ್ತೆಯ ಬಾಯಿಂದ ಪರವಾಗಿಲ್ಲ! ಅಳಿಯನ ಕಾಲು ನೆಲದ ಮೇಲಿರಲಿಲ್ಲ. ಇವತ್ತು ಪರವಾಗಿಲ್ಲ ಅಂದವರು ನಾಳೆ ನೀನು ಅನ್ನದೆ ಇರುತ್ತಾರೆಯೇ ಅಂತ ಅವನಿಗೆ ಅನಿಸಿತು.

ಸಂಜೆ ಕ್ಲಾಸಿನವರು ಬಂದರು. ಬೇಕರಿಯವ ಬಂದ, ತೋಳಿಗೆ ಹಿಟ್ಟು ಮೆತ್ತಿಕೊಂಡೇ. ಆಸ್ಪತ್ರೆಯ ನರ್ಸಮ್ಮ ಬಂದರು. ಅಕ್ಕತಂಗಿಯರಾದ ಉದ್ದಕ್ಕ, ಗಿಡ್ಡಕ್ಕ ಬಂದರು. ಜೊತೆಗೆ ಇನ್ನೂ ಕೆಲವರು. ಎಲ್ಲರೂ ತಲೆ ನರೆತವರು, ಇಲ್ಲವೇ ನರೆಯಲು ಹೊರಟವರು. ಇವರ ಹೆಮ್ಮೆಯೆಂದರೆ ‘ಟಕ್ ಕುಣಿತ’. ಅತ್ತೆ ವಯಸ್ಸಿನಲ್ಲಿದ್ದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ರೆಕಾರ್ಡಿಗೆ ತಾವೇ ಹೆಜ್ಜೆ ಕಟ್ಟಿದ ಕುಣಿತ ಅದು. ಪಿಟೀಲುಗಳು ಏರುತ್ತ ಏರುತ್ತ ಹೋಗಿ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಟಕ್ ಅಂತ ಒಂದು ಸದ್ದು, ಒಮ್ಮೆಗೇ ತಾಳ ಬದಲಾಗಿ ಹಾಡು ಓಟ ಕೀಳುತ್ತದೆ. ಆ ಟಕ್‌ಗೆ ಸರಿಯಾಗಿ ಎಲ್ಲರೂ ಗಿರಕ್ಕನೆ ತಿರುಗಿ ಜೊತೆ ಬದಲಿಸಬೇಕು. “ಆ ಟಕ್ ಕೊಟ್ಟಿದಾನಲ್ಲ, ಅವನು ಸಂಗೀತಗಾರ ಅಂದ್ರೆ!” ಅಂತ ಅತ್ತೆ ವರ್ಷಗಟ್ಟಲೆ ಹೊಗಳಿದ್ದರು. ನೋಡಲು ಬಂದವರೂ ಟಕ್ ಅನ್ನುವಾಗ ಚಪ್ಪಾಳೆ ಹೊಡೆಯುತ್ತಿದ್ದರು.

ಅಳಿಯ ಆ ರೆಕಾರ್ಡು ಇಟ್ಟು, ಗಂಭೀರವಾಗಿ ಸೂಜಿ ಇಳಿಸಿ, ಕೈಕಟ್ಟಿ ನಿಂತ. ಪಿಟೀಲು ಏರಿತು. ಇನ್ನೂ ಏರಿತು. ಎಲ್ಲರೂ ಒಂದು ಕಾಲ ಮೇಲೆ ನಿಂತು ಟಕ್‌ಗಾಗಿ ಕಾದರು. ಟಕ್ ಬರಲೇ ಇಲ್ಲ! ಬೇಕರಿಯವ ಅಭ್ಯಾಸಬಲದಿಂದ ತಿರುಗಿಬಿಟ್ಟ, ನರ್ಸಮ್ಮ ತಿರುಗಲಿಲ್ಲ. ಇಬ್ಬರ ಹಣೆಗೆ ಹಣೆ ಢೀ ಹೊಡೆಯಿತು. ಗಿಡ್ಡಕ್ಕ ಉದ್ದಕ್ಕನ ಮೊಣಕೈ ಕೆಳಗೆ ಸಿಕ್ಕಿಕೊಂಡಳು. ಹಿಂದಿದ್ದವರು ಮುಂದಿದ್ದವರ ಮೇಲೆ ಮುಗ್ಗರಿಸಿ, ಒಬ್ಬರ ಮೇಲೊಬ್ಬರು ಬಿದ್ದು, ಮರದ ನೆಲ ಗಡಗಡ ಅಂತು. ಇಷ್ಟೆಲ್ಲ ಗದ್ದಲದಲ್ಲೂ ಕಪ್ಪು ಕಾರ್ಟ್ರಿಜ್ ಎಲ್ಲಿಯೂ ಹಾರದೆ, ಯಾರೂ ಕೇಳಿರದ ಒಂದು ಕೊಳಲಿನ ರಾಗವನ್ನು ನಿಧಾನವಾಗಿ ನುಡಿಸಿಕೊಂಡು ಹೋಗುತ್ತಿತ್ತು.

“ಕೆಡಿಸಿಬಿಟ್ಟ!” ಅತ್ತೆ ಕೂಗಿದರು. “ನನ್ನ ಹಾಡನ್ನೇ ಕೆಡಿಸಿಬಿಟ್ಟ ನಿನ್ನ ಗಂಡ! ಟಕ್ ಎಲ್ಲಿ ಹೋಯ್ತು ಕೇಳು!”

ಬಿದ್ದವರನ್ನೆಲ್ಲ ಎಬ್ಬಿಸಿ, ನರ್ಸಮ್ಮನೇ ಬೇಕರಿಯವನ ಹಣೆಗೆ ತಣ್ಣೀರು ಒತ್ತಿ, ಕ್ಲಾಸಿನವರೆಲ್ಲ ಮನೆಗೆ ಹೋದರು. ಅಳಿಯ ಅಲ್ಲೇ ಕೂತ.  ತಂತಿ ನೋಡಿದ, ಸರಿ ಇತ್ತು. ರಟ್ಟಿನ ಗೆರೆ ನೋಡಿದ, ತಕ್ಕಡಿ ನೋಡಿದ, ಕನ್ನಡಿ ಇಟ್ಟು ನೋಡಿದ, ಎಲ್ಲವೂ ಸರಿ. ಕೊನೆಗೆ ರೆಕಾರ್ಡನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಗುಟ್ಟು ಸಿಕ್ಕಿತು. ಗೆರೆಗಳಿಗೆ ಅಡ್ಡವಾಗಿ ಒಂದು ಹಳೆಯ ಗೀರು. ಹಗುರದ ಸೂಜಿ ಪ್ರತಿ ಸಲವೂ ಆ ಗೀರಿಗೆ ಎಡವಿ, ಟಕ್ ಅಂದು, ಮುಂದಿನ ಗೆರೆಗಳಿಗೆ ಹಾರುತ್ತಿತ್ತು. ಹೊಸದು ಎಡವದೆ ನಡೆದಿತ್ತು.

ಹೇಗೆ ಹೇಳುವುದು? ನಿಮ್ಮ ಟಕ್ ಸಂಗೀತವಲ್ಲ, ಗೀರು ಅಂತ ಅತ್ತೆಗೆ ಹೇಳುವ ಧೈರ್ಯ ಯಾರಿಗಿದೆ? ಹೆಂಡತಿಯೇ ಹೇಳಿದಳು, ನಯವಾಗಿ. ಅತ್ತೆ ನಂಬಲಿಲ್ಲ. ಭೂತಗನ್ನಡಿ ಕಸಿದುಕೊಂಡು ತಾವೇ ನೋಡಿದರು. ತುಂಬ ಹೊತ್ತು ನೋಡಿದರು.

“ಆ ಜಾಗ ಇನ್ನೊಂದ್ಸಲ ಹಾಕೋಕೆ ಹೇಳು.”

ಹಾಕಿದ. ಪಿಟೀಲು ಏರಿ ತುದಿ ಮುಟ್ಟಿತು, ಅಲ್ಲಿಂದ ಕೊಳಲು ಮೆಲ್ಲಗೆ ಇಳಿದು ಬಂತು. ಅತ್ತೆ ಮೈಯೆಲ್ಲ ಕಿವಿಯಾಗಿ ಕೇಳಿದರು, ಮತ್ತೆ ಹಾಕಿಸಿ ಕೇಳಿದರು. ಅವರ ಮುಖದಲ್ಲಿ ಏನಿದೆ ಅಂತ ಅಳಿಯನಿಗೆ ತಿಳಿಯಲಿಲ್ಲ. ಕೊನೆಗೆ ಎದ್ದರು.

“ಶನಿವಾರ ಜನ ಬರ್ತಾರೆ. ಈ ಮುದಿಜೀವಗಳಿಗೆ ಈಗ ಹೊಸ ಹೆಜ್ಜೆ ಕಲಿಸೋಕಾಗಲ್ಲ. ಟಕ್ ಬೇಕು. ಮೊದಲಿನ ಹಾಗೇ ಹಾರೋ ಹಾಗೆ ಮಾಡು ಅಂತ ಹೇಳು.”

ಅಯ್ಯೋ, ಇದಕ್ಕಿಂತ ಶಿಕ್ಷೆ ಬೇಕೇ! ಅಷ್ಟು ಕಷ್ಟಪಟ್ಟು ನೇರ ಮಾಡಿದ್ದನ್ನು ಸೊಟ್ಟ ಮಾಡಬೇಕು. ಸರಿಯಾಗಿ ಕೂತ ಹಲ್ಲಿನ ಸೆಟ್ಟನ್ನು ಗಿರಾಕಿ ಬಂದು, ನನಗೆ ಕಳಚಿ ಬೀಳುವ ಹಾಗೆಯೇ ಬೇಕು ಅಂದರೆ ಹೇಗಾದೀತು? ಆದರೆ ಮೊದಲ ಸಲ ಅತ್ತೆ ಅವನಿಂದ ಒಂದು ಕೆಲಸ ಕೇಳಿದ್ದರು. ಹೂಂ ಅಂದ.

ಮರುದಿನ ಕಾರ್ಖಾನೆ ಬೇಗ ಮುಚ್ಚಿ, ಸಾಮಾನಿನ ಸಂಚಿ ಹಿಡಿದು ಮಹಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಕೊಳಲು ಕೇಳಿಸಿತು. ಅರ್ಧಕ್ಕೇ ನಿಂತ. ಬಾಗಿಲು ಓರೆಯಾಗಿತ್ತು. ಒಳಗೆ ಅತ್ತೆ ಒಬ್ಬರೇ. ಕಣ್ಣು ಮುಚ್ಚಿ, ಎದುರಿಗೆ ಯಾರೋ ಇದ್ದಾರೆಂಬಂತೆ ಎರಡೂ ತೋಳು ಚಾಚಿ, ಆ ತುಂಡು ರಾಗಕ್ಕೆ ಮೆಲ್ಲಗೆ ತೂಗುತ್ತಿದ್ದರು. ಒಂದು ಹೆಜ್ಜೆ ಇಡುವರು, ನಿಲ್ಲುವರು, ಇದಲ್ಲ ಅಂತ ತಲೆಯಾಡಿಸಿ ಇನ್ನೊಂದು ಇಡುವರು. ಕ್ಲಾಸಿಗೆ ಇವತ್ತೇ ಸೇರಿದವರ ಹಾಗೆ ತಡವರಿಸುತ್ತಿದ್ದರು.  ಅವರಿಗೂ ಹೆಜ್ಜೆ ತಪ್ಪುತ್ತದೆ ಅಂತ ಅಳಿಯ ಕನಸಿನಲ್ಲೂ ಎಣಿಸಿರಲಿಲ್ಲ. ಮೆಟ್ಟಿಲು ಇಳಿದು ಬೇಕರಿಯಲ್ಲಿ ಬೇಡದ ಬನ್ನು ತಿನ್ನುತ್ತ ಕೂತು, ಕೊಳಲು ನಿಂತ ಮೇಲೆ ಬೇಕೆಂದೇ ಕೆಮ್ಮುತ್ತ ಮತ್ತೆ ಹತ್ತಿದ.

ಅತ್ತೆ ಕನ್ನಡಿ ಒರೆಸುತ್ತ ನಿಂತಿದ್ದರು. ಮಗಳು ಜೊತೆಗಿರಲಿಲ್ಲ. “ಬೇಗ ಮುಗಿದ್ರೆ ಒಳ್ಳೇದು,” ಅಂದರು ಕನ್ನಡಿಗೆ.

ಅಳಿಯ ಭಾರದ ಬಳೆಯನ್ನು ಒಂದೊಂದು ಎಳೆಯಷ್ಟು ಹಿಂದಕ್ಕೆ ತಿರುಗಿಸುತ್ತ, ಪ್ರತಿ ಸಲವೂ ಆ ಜಾಗ ನುಡಿಸಿ ನೋಡಿದ. ಹೆಚ್ಚು ಇಳಿಸಿದರೆ ಹಾಡಿನುದ್ದಕ್ಕೂ ಜಾರುತ್ತದೆ, ಕಡಿಮೆ ಇಳಿಸಿದರೆ ಗೀರು ದಾಟಿ ನಡೆದುಬಿಡುತ್ತದೆ. ಕಾರ್ಟ್ರಿಜ್ ಮೊಂಡು ಹಿಡಿದು ಕೂತಿತ್ತು. “ಒಂದ್ಸಲ ಬೀಳೋ ಮಾರಾಯ, ನಿನ್ನ ದಮ್ಮಯ್ಯ,” ಅಂತ ಅಂಗಲಾಚಿದ. ಬೆಳಕು ಇಳಿಯುವ ಹೊತ್ತಿಗೆ ಕೊನೆಗೂ ಟಕ್ ಅಂದು ಹಾರಿತು. ಮತ್ತೆ ಇಟ್ಟ, ಮತ್ತೆ ಅಲ್ಲೇ ಹಾರಿತು. ಬಳೆಯ ಮೇಲೆ ಎರಡನೆಯ ಗುಲಾಬಿ ಚುಕ್ಕೆ ಇಟ್ಟು, ಗೋಡೆಯ ಕಡೆ ತಿರುಗಿ, “ಈ ಚುಕ್ಕೆಗೆ ತಿರುಗಿಸಿದ್ರೆ ಟಕ್. ಆ ಚುಕ್ಕೆಗೆ ತಿರುಗಿಸಿದ್ರೆ ಪೂರ್ತಿ ಹಾಡು. ಯಾವಾಗ ಬೇಕಾದ್ರೂ ಬದಲಾಯಿಸಬಹುದು,” ಅಂದ. ಗೋಡೆಗೆ ಹೇಳುವ ವಿದ್ಯೆ ಅವನಿಗೂ ಬಂದಿತ್ತು. ಕನ್ನಡಿಯಲ್ಲಿ ಅತ್ತೆಯ ತುಟಿಯ ಕೊನೆ ಒಂಚೂರು ಅಲುಗಿದ್ದನ್ನು ಅವನು ನೋಡಲಿಲ್ಲ.

ಶನಿವಾರ ಸಂಜೆ ಮಹಡಿ ಕಿಕ್ಕಿರಿದಿತ್ತು. ಗೋಡೆಯುದ್ದಕ್ಕೂ ಕುರ್ಚಿ, ಕುರ್ಚಿಯಲ್ಲಿ ಗಂಡಂದಿರು, ಹೆಂಡಂದಿರು, ಮಕ್ಕಳು, ಮೊಮ್ಮಕ್ಕಳು. ಮಾವ ಮೊದಲ ಸಾಲಿನಲ್ಲಿ, ಕೇಳುವ ಕಿವಿಯನ್ನು ಪ್ಲೇಯರಿನ ಕಡೆ ಮಾಡಿಕೊಂಡು ಕೂತಿದ್ದರು. ಅಳಿಯ ಪ್ಲೇಯರಿನ ಪಕ್ಕ ನಿಂತಿದ್ದ. ಒಂದಾದ ಮೇಲೊಂದು ಕುಣಿತ ಮುಗಿದು, ಕೊನೆಗೆ ಟಕ್ ಕುಣಿತ ಬಂತು. ಬಳೆಯನ್ನು ಟಕ್ ಚುಕ್ಕೆಗೆ ತಂದು ಸೂಜಿ ಇಳಿಸಿದ.  ಪಿಟೀಲು ಏರಿತು, ಏರಿತು, ಟಕ್! ಎಲ್ಲರೂ ಗಿರಕ್ಕನೆ ತಿರುಗಿದರು. ಬೇಕರಿಯವನ ಕೈಗೆ ನರ್ಸಮ್ಮನ ಕೈ ಸರಿಯಾಗಿ ಬಂದು ಸೇರಿತು. ಉದ್ದಕ್ಕ ಗಿಡ್ಡಕ್ಕ ಬುಗುರಿಯಂತೆ ತಿರುಗಿದರು. ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ.

“ಇನ್ನೊಂದ್ಸಲ! ಇನ್ನೊಂದ್ಸಲ!” ಅಂತ ಎಲ್ಲರೂ ಕೂಗಿದರು. ‘ಹೂಂ, ಆಗಲಿ’ ಬಿಟ್ಟು ಬೇರೆ ಮಾತಾಡದ ಮಾವನೂ ಕೂಗಿದರು.

ಅತ್ತೆ ಕುಣಿದವರ ನಡುವಿನಿಂದ ಪ್ಲೇಯರಿನ ಕಡೆ ನಡೆದು ಬಂದರು. ಅಮ್ಮನಿಗೆ ಏನೋ ಹೇಳುವುದಿದೆ ಅಂತ ಮಗಳು ಎಂದಿನಂತೆ ಟಪಾಲಿಗೆ ಓಡಿ ಬಂದಳು. “ಏನಮ್ಮಾ, ಏನು ಹೇಳ್ಬೇಕು ಇವ್ರಿಗೆ?”

“ನೀನು ಸುಮ್ನಿರೇ,” ಅಂದರು ಅತ್ತೆ. ಆಮೇಲೆ ಅಳಿಯನ ಮುಖ ನೋಡಿದರು. ಗೋಡೆ ನೋಡಲಿಲ್ಲ, ಕನ್ನಡಿ ನೋಡಲಿಲ್ಲ, ಅವನ ಕಣ್ಣಲ್ಲಿ ಕಣ್ಣಿಟ್ಟೇ ನೋಡಿದರು.

“ನೀನು,” ಅಂದರು. “ಆ ಇನ್ನೊಂದು ಚುಕ್ಕೆಗೆ ತಿರುಗಿಸು. ಪೂರ್ತಿ ಕೇಳ್ಲಿ ಎಲ್ಲರೂ.”

 ಎರಡು ವರ್ಷ ಕಾದ ಮಾತು ಕಿವಿಗೆ ಬಿದ್ದರೂ ಬಿತ್ತೋ ಇಲ್ಲವೋ ಅನ್ನುವ ಗುಮಾನಿ ಅಳಿಯನಿಗೆ. ಬಳೆ ತಿರುಗಿಸಿ, ತೋಳೆತ್ತಿ ಮೊದಲಿಗೆ ತಂದು ಸೂಜಿ ಇಳಿಸಿದ. ಅತ್ತೆ ಕ್ಲಾಸಿನವರ ಕಡೆ ತಿರುಗಿ, “ಈ ಸಲ ಟಕ್ ಇಲ್ಲ. ಪಿಟೀಲು ತುದಿ ಮುಟ್ಟಿದ ಕೂಡ್ಲೆ ಎಲ್ಲರೂ ಇದ್ದಲ್ಲೇ ನಿಂತ್ಕೊಳ್ಳಿ. ಯಾರೂ ಯಾರಿಗೂ ಗುದ್ದಬೇಡಿ,” ಅಂದರು. ಬೇಕರಿಯವ ಹಣೆ ಮುಟ್ಟಿಕೊಂಡ. ಜನ ನಕ್ಕರು. ಪಿಟೀಲು ಶುರುವಾಯಿತು.

ಆಗ ಅತ್ತೆ ಅಳಿಯನ ಕಡೆ ಕೈ ಚಾಚಿದರು.

“ಬಾ.”

“ನಾನಾ? ಅಯ್ಯೋ ಬೇಡಿ, ನನಗೆ ಹೆಜ್ಜೆ ಬರಲ್ಲ.”

“ಆ ಕೊಳಲಿಗೆ ಹೆಜ್ಜೆ ನನಗೂ ಬರಲ್ಲ. ಅದಕ್ಕೆ ಯಾರೂ ಇನ್ನೂ ಹೆಜ್ಜೆ ಕಟ್ಟಿಲ್ಲ, ತಪ್ಪು ಅಂತ ಹೇಳೋರೂ ಇಲ್ಲ. ಅದನ್ನ ಹುಡುಕಿ ಕೊಟ್ಟವನು ನೀನು. ಬಾ ಅಂದ್ರೆ ಬಾ.”

ಅವನ ಕಣ್ಣು ತುಂಬಿ, ಕಪ್ಪು ಕಾರ್ಟ್ರಿಜ್ಜೂ ಅದರ ಗುಲಾಬಿ ವಸಡೂ ಕಲಸಿಹೋಗಿ ಕಂಡವು. “ಅಮ್ಮಾ,” ಅಂದುಬಿಟ್ಟ, “ನಿಮ್ಮ ಹೆಬ್ಬೆರಳು...”

“ಇನ್ನೊಂದು ಕಾಲಲ್ಲೂ ಒಂದಿದೆ, ಬಾ.”

ಪಿಟೀಲು ತುದಿ ಮುಟ್ಟುತ್ತಿತ್ತು. ಅಳಿಯ ಬಗ್ಗಿ ಬೂಟೆರಡನ್ನೂ ಕಳಚಿ ಮೇಜಿನ ಕೆಳಗೆ ತಳ್ಳಿ, ಬರಿಗಾಲಲ್ಲಿ ಹೋಗಿ ಅಮ್ಮನ ಕೈ ಹಿಡಿದ.